ಒಗ್ಗದೆಂಬ ಮಾತಿಗೆ ಕಿವಿಗೊಡಿರಿ: ಮನೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮನೆಮನೆಯ ಅಜ್ಜ ಅಜ್ಜಿಯರಿಗೂ, ತಾಯ್ತಂದೆಗಳಿಗೂ, ಅತ್ತೆ ಮಾವಂದಿರಿಗೂ, ಅಡುಗೆಮನೆಯಲ್ಲಿಯೂ ಊಟದ ಪಂಕ್ತಿಯಲ್ಲಿಯೂ ಯಾರ ಮಾತು ನಡೆಯುತ್ತದೆಯೋ ಆ ಸಮಸ್ತ ಹಿರಿಯರಿಗೂ ಸವಿನಯ ವಂದನೆಗಳು.

ಮಾನ್ಯರೆ,

ಅಲರ್ಜಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ರೋಗಿಗಳನ್ನೋ ವೈದ್ಯರನ್ನೋ ಸಂಬೋಧಿಸುತ್ತಾರೆ. ನಾನು ತಮ್ಮನ್ನು ಸಂಬೋಧಿಸುವುದಕ್ಕೆ ಕಾರಣವುಂಟು. ಮೊಮ್ಮಗುವಿನ ಬಟ್ಟಲಿಗೆ ಏನು ಬೀಳಬೇಕು, ಸೊಸೆಯು ಯಾವ ಔಷಧವನ್ನು ಸೇವಿಸಬೇಕು, ರಾತ್ರಿಯೆಲ್ಲ ಕೆಮ್ಮುವ ಹುಡುಗನನ್ನು ಆಸ್ಪತ್ರೆಗೆ ಒಯ್ಯಬೇಕೋ ಕಷಾಯವಿತ್ತು ಮಲಗಿಸಬೇಕೋ ಎಂಬ ನಿರ್ಣಯವು ನಮ್ಮ ಮನೆಗಳಲ್ಲಿ ಇಂದಿಗೂ ಬಹುಮಟ್ಟಿಗೆ ತಮ್ಮ ಒಂದು ಮಾತನ್ನು ಅವಲಂಬಿಸಿದೆ. ಆ ಮಾತಿನ ಹಿಂದೆ ಪ್ರೀತಿಯಿದೆ, ಅನುಭವವಿದೆ, ಎಷ್ಟೋ ಮಕ್ಕಳನ್ನು ಸಾಕಿ ಸಲಹಿದ ಅಧಿಕಾರವಿದೆ. ಬಹುಕಾಲ ಶಾಲೆಯಲ್ಲಿ ಪಾಠ ಹೇಳಿ ಈಗ ವಯಸ್ಸಿನಿಂದ ತಮ್ಮ ಪಂಕ್ತಿಗೇ ಸೇರಿದವನಾದ ನಾನು, ಈ ಒಂದು ವಿಷಯದಲ್ಲಿ ಮಾತ್ರ ಆ ಮಾತು ಪದೇಪದೇ ದಾರಿ ತಪ್ಪುವುದನ್ನು ಕಂಡಿದ್ದೇನೆ. ‘ಇದು ನನಗೆ ಒಗ್ಗುವುದಿಲ್ಲ’ ಎಂದು ಮನೆಯವರೊಬ್ಬರು ಹೇಳಿದಾಗ ಅದನ್ನು ಹಟವೆಂದೋ, ನಾಜೂಕೆಂದೋ, ನಾಲಗೆಯ ಚಾಪಲ್ಯವೆಂದೋ ತಿಳಿದು ತಳ್ಳಿಹಾಕುತ್ತೇವೆ. ಇನ್ನೊಮ್ಮೆ, ಯಾರೋ ಹೇಳಿದರೆಂದು, ಚೆನ್ನಾಗಿ ಒಗ್ಗುವ ಆಹಾರವನ್ನೂ ಮಗುವಿನ ತಟ್ಟೆಯಿಂದ ತೆಗೆದುಬಿಡುತ್ತೇವೆ. ಎರಡರ ಮೂಲವೂ ಒಂದೇ: ವಿಚಾರಿಸದೆ ನಿರ್ಣಯಿಸುವುದು. ಹೇಳಿದವರನ್ನು ಮೊದಲು ನಂಬಿರಿ, ಅನಂತರ ಬಲ್ಲವರಿಂದ ಪರೀಕ್ಷೆ ಮಾಡಿಸಿರಿ, ಗುಟ್ಟಾಗಿ ತಾವೇ ಪರೀಕ್ಷಿಸಲು ಮಾತ್ರ ಹೋಗಬೇಡಿರಿ ಎಂಬುದು ಈ ಪತ್ರದ ಪ್ರಾರ್ಥನೆ.

ನಮ್ಮ ಪೂರ್ವಿಕರಿಗೆ ಈ ಸಂಗತಿ ಸರ್ವಥಾ ತಿಳಿದಿರಲಿಲ್ಲವೆಂದು ನಾನು ಹೇಳಲಾರೆ. ಬದನೆಕಾಯಿ ನಂಜು ಎಂದು ತುರಿಕೆಯಿರುವವರಿಗೆ ಅದನ್ನು ಬಡಿಸದಿರುವುದು ಹಳೆಯ ಪದ್ಧತಿ. ಮೈಮೇಲೆ ಇದ್ದಕ್ಕಿದ್ದಂತೆ ಎದ್ದು ಕೆಲವು ತಾಸುಗಳಲ್ಲಿ ಅಡಗುವ ದದ್ದುಗಳನ್ನು ಪಿತ್ತದ ಗಂಧೆಯೆಂದು ನಮ್ಮ ಅಜ್ಜಿಯರು ನೋಡಿದೊಡನೆಯೇ ಹೇಳುತ್ತಿದ್ದರು. ಕರಿಗೇರಿನ ರಸ ಸೋಕಿದರೆ ಒಬ್ಬನ ಮೈ ಊದಿ ಬೊಕ್ಕೆಯೇಳುವುದೆಂದೂ, ಮತ್ತೊಬ್ಬನು ಅಷ್ಟರಲ್ಲಿಯೇ ಪಾರಾಗುವನೆಂದೂ ಮಲೆನಾಡಿನ ದನಗಾಹಿಗಳು ಬಲ್ಲರು. ಮಾವಿನಕಾಯಿಯ ಸೊನೆ ತಾಕಿದ ತುಟಿಗಳೆಲ್ಲ ಒಂದೇ ರೀತಿ ಹುಣ್ಣಾಗುವುದಿಲ್ಲವೆಂಬುದನ್ನು ತೋಪಿನಲ್ಲಿ ಆಡಿದ ಯಾವ ಹುಡುಗನಾದರೂ ಹೇಳಿಯಾನು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಬದನೆಕಾಯಿಯ ಅಲರ್ಜಿಯನ್ನೇ ವಿಷಯವಾಗಿ ಹಿಡಿದು ಅಧ್ಯಯನ ನಡೆಸಿ, ಅದು ಕೆಲವರಲ್ಲಿ ನಿಜವಾಗಿಯೂ ಉಂಟೆಂದು ಕಂಡುಕೊಂಡಿದ್ದಾರೆ. ಹಿಂದಿನವರ ಕಣ್ಣು ಚುರುಕಾಗಿಯೇ ಇತ್ತು. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಾತ್ರೆಯಿಂದ ಉಂಡವರಲ್ಲಿ ಒಬ್ಬನಿಗೆ ಮಾತ್ರ ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆ ಮನುಷ್ಯನು ರೋಗಿಯ ಸ್ವಭಾವವನ್ನೇ ದೂರುವುದು ಸಹಜ.

ಆ ಉತ್ತರವು ಒಂದು ವಿಲಕ್ಷಣವಾದ ಪ್ರಯೋಗದಿಂದ ದೊರೆಯಿತು. ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈನ್ಸ್ ಕ್ಯುಸ್ಟ್ನರ್ ಎಂಬ ಇಬ್ಬರು ವೈದ್ಯರಿದ್ದರು. ಕ್ಯುಸ್ಟ್ನರರಿಗೆ ಬೇಯಿಸಿದ ಮೀನು ಆಗದು. ತಿಂದರೆ ಮೈತುಂಬ ತುರಿಕೆ, ದದ್ದು, ಕೆಮ್ಮು, ವಾಂತಿ. ಪ್ರಾಸ್ನಿಟ್ಸರು ಮೀನನ್ನು ನಿರಾತಂಕವಾಗಿ ತಿನ್ನಬಲ್ಲವರು. ಕ್ಯುಸ್ಟ್ನರರ ರಕ್ತದ ತಿಳಿಯನ್ನು ತೆಗೆದು ಪ್ರಾಸ್ನಿಟ್ಸರ ಚರ್ಮದೊಳಗೆ ಅಲ್ಪ ಪ್ರಮಾಣದಲ್ಲಿ ಸೇರಿಸಿ, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ, ಜನ್ಮದಲ್ಲಿ ಮೀನಿನಿಂದ ತೊಂದರೆ ಕಾಣದ ಆ ಮನುಷ್ಯನ ಚರ್ಮವು ಅಲ್ಲಿ ಮಾತ್ರ ಕೆಂಪಗಾಗಿ ಊದಿಕೊಂಡಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಾನು ಮನೆಯ ಹಿರಿಯರಿಗೆ ಹೇಳಲು ಬಯಸುವುದು ಅದರ ಚಮತ್ಕಾರಕ್ಕಾಗಿ ಅಲ್ಲ. ಒಬ್ಬನ ಹಟವನ್ನು ಸೂಜಿಯಿಂದ ಇನ್ನೊಬ್ಬನ ತೋಳಿಗೆ ಸಾಗಿಸಲಾಗದು. ಸಾಗಿತೆಂದ ಮೇಲೆ ಅದು ಹಟವಲ್ಲ, ರಕ್ತದಲ್ಲಿರುವ ಒಂದು ವಸ್ತು. ಆ ವಸ್ತುವನ್ನು ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ಜಪಾನಿನ ಇಷಿಝಾಕಾ ದಂಪತಿಗಳೂ, ಅವರಿಗಿಂತ ಬೇರೆಯಾಗಿ ಸ್ವೀಡನ್ನಿನ ವಿಜ್ಞಾನಿಗಳೂ 1960ರ ದಶಕದಲ್ಲಿ ಗುರುತಿಸಿದರು. ಐಜಿಇ ಎಂಬುದು ಅದರ ಹೆಸರು. ಇಂದು ತಮ್ಮ ಊರಿನ ಪ್ರಯೋಗಶಾಲೆಯ ಚೀಟಿಯ ಮೇಲೆ ಕಾಣುವ ಮೂರಕ್ಷರ ಅದೇ.

‘ಮೊನ್ನೆ ತಿಂದಿದ್ದನಲ್ಲ, ಆಗ ಏನೂ ಆಗಲಿಲ್ಲವಲ್ಲ’ ಎಂಬುದು ನಾವು ಹಿರಿಯರು ಬಹಳವಾಗಿ ನೆಚ್ಚಿಕೊಂಡಿರುವ ತರ್ಕ. ಇದಕ್ಕೆ ಉತ್ತರವೂ ಹಳೆಯದೇ. ಚಾರ್ಲ್ಸ್ ರಿಶೆ ಎಂಬ ಫ್ರೆಂಚ್ ವಿಜ್ಞಾನಿಯೂ ಅವರ ಸಹೋದ್ಯೋಗಿ ಪಾಲ್ ಪೋರ್ಟಿಯೆಯೂ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕಡಲಿನ ಹೂವಿನಾಕಾರದ ಒಂದು ಪ್ರಾಣಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು, ಅವು ಅದನ್ನು ಸಹಿಸಲು ಕಲಿಯುವುವೆಂದು ನಿರೀಕ್ಷಿಸಿದ್ದರು. ಮೊದಲ ಸಲ ಕೊಟ್ಟಾಗ ಚೇತರಿಸಿಕೊಂಡ ನೆಪ್ಚೂನ್ ಎಂಬ ಪುಷ್ಟವಾದ ನಾಯಿಗೆ ಮೂರು ವಾರಗಳು ಕಳೆದ ಬಳಿಕ ಇನ್ನೊಮ್ಮೆ ಅದೇ ವಿಷವನ್ನು ಅಲ್ಪವಾಗಿ ಕೊಟ್ಟರು. ಅದು ಅರ್ಧ ಗಂಟೆಯೊಳಗೆ ಸತ್ತುಹೋಯಿತು. ಶರೀರವು ಸಹಿಸಲು ಕಲಿಯುವುದಕ್ಕೆ ಬದಲಾಗಿ ಕೆರಳಲು ಕಲಿತಿತ್ತು. ಈ ಸಂಶೋಧನೆಗೆ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಡುವೆ, 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ ಇಂತಹ ಬದಲಾದ ಪ್ರತಿಕ್ರಿಯೆಗಳಿಗೆ ಅಲರ್ಜಿಯೆಂದು ನಾಮಕರಣ ಮಾಡಿದರು. ಮೊದಲ ಪರಿಚಯದಲ್ಲಿ ಶರೀರವು ಸದ್ದಿಲ್ಲದೆ ಐಜಿಇಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅದು ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಕೆಲವು ಜೀವಕೋಶಗಳ ಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಮುಂದೊಮ್ಮೆ ಅದೇ ಪದಾರ್ಥ ಬಂದಾಗ ಆ ಕೋಶಗಳಿಂದ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಒಮ್ಮೆಲೇ ಹೊರಬಿದ್ದು, ಚರ್ಮದಲ್ಲಿ ದದ್ದು, ಮೂಗಿನಲ್ಲಿ ನೀರು, ಎದೆಯಲ್ಲಿ ಬಿಗಿತ, ಹೊಟ್ಟೆಯಲ್ಲಿ ನುಲಿತವಾಗಿ ಕಾಣಿಸಿಕೊಳ್ಳುತ್ತವೆ. ಆದಕಾರಣ ಹಿಂದೊಮ್ಮೆ ತಿಂದುದು ಮುಂದಿನ ಕ್ಷೇಮಕ್ಕೆ ಸಾಕ್ಷಿಯಾಗಲಾರದು. ಕರಾವಳಿಯ ಮನೆಯಲ್ಲಿ ಹುಟ್ಟಿ, ಅರ್ಧ ಆಯುಷ್ಯ ಸಿಗಡಿ ತಿಂದವರಿಗೆ ನಡುವಯಸ್ಸಿನಲ್ಲಿ ಅದು ಆಗದಂತಾಗುವುದುಂಟು.

ಒಂದು ಮದುವೆಯ ಮನೆಯಲ್ಲಿ ನಾನು ಕಣ್ಣಾರೆ ಕಂಡುದನ್ನು ಇಲ್ಲಿ ನಿವೇದಿಸುತ್ತೇನೆ. ಊರಿನ ಹೆಸರಾಗಲಿ ಮನೆತನದ ಹೆಸರಾಗಲಿ ಬೇಕಿಲ್ಲ. ಮಗುವಿಗೆ ಗೋಡಂಬಿ ಆಗದೆಂದು ತಾಯಿಯು ಬಡಿಸುವವರಿಗೂ ಬಂಧುಗಳಿಗೂ ಮುಂಚಿತವಾಗಿಯೇ ಹೇಳಿದ್ದಳು. ಹುಡುಗನು ಎರಡನೆಯ ತರಗತಿಯವನು. ಎಲೆ ಹಾಕುವುದಕ್ಕೆ ಮೊದಲು, ವರಸೆಯಲ್ಲಿ ಅವನಿಗೆ ದೊಡ್ಡಜ್ಜಿಯಾಗಬೇಕಾದ ಹಿರಿಯರೊಬ್ಬರು, ಉಳಿದ ಮಕ್ಕಳೆಲ್ಲ ಬರ್ಫಿ ತಿನ್ನುತ್ತಿರುವಾಗ ಇವನೊಬ್ಬನೇ ಮುಖ ನೋಡುತ್ತ ನಿಂತಿರುವುದನ್ನು ಸಹಿಸಲಾರದೆ, ‘ಒಂದು ಚೂರಿಗೆ ಏನಾಗುತ್ತೆ ಕಂದಾ, ನಿಮ್ಮಮ್ಮನಿಗೆ ಎಲ್ಲದಕ್ಕೂ ಭಯ’ ಎಂದು ಹೇಳಿ, ಬೆರಳ ತುದಿಯಷ್ಟು ಗೋಡಂಬಿ ಬರ್ಫಿಯನ್ನು ಅವನ ಬಾಯಿಗಿಟ್ಟರು. ಮೊದಲು ಹುಡುಗನು ತುಟಿ ತುರಿಸಿಕೊಂಡನು. ಆಮೇಲೆ ಕೆಮ್ಮು ಬಂತು, ಮಾತು ಒಡೆದು ಗೊಗ್ಗರಾಯಿತು, ಕತ್ತಿನ ಮೇಲೆ ದದ್ದುಗಳೆದ್ದವು, ಒಮ್ಮೆ ವಾಂತಿ ಮಾಡಿಕೊಂಡನು. ಒಬ್ಬರು ದೃಷ್ಟಿಯಾಗಿದೆ ಎಂದರು. ಒಬ್ಬರು ಮಜ್ಜಿಗೆ ತಂದರು. ಮತ್ತೊಬ್ಬರು ಚೀಲದಿಂದ ನೆಗಡಿಯ ಔಷಧ ತೆಗೆದು ಕುಡಿಸಿದರು. ಹುಡುಗನ ಮುಖವು ಬಿಳಿಚಿ, ತಲೆಯು ತಾಯಿಯ ತೋಳಿನ ಮೇಲೆ ಜೋತುಬಿದ್ದಾಗ, ಅತಿಥಿಗಳಲ್ಲಿ ಒಬ್ಬಳಾಗಿ ಬಂದಿದ್ದ ಒಬ್ಬ ದಾದಿಯು ಜನರನ್ನು ಬದಿಗೆ ಸರಿಸಿ, ಮಗುವನ್ನು ಕಾರಿನ ಹಿಂದಿನ ಆಸನದಲ್ಲಿ ಮಲಗಿಸಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ವೈದ್ಯರು ಮಾತನಾಡದೆ ತೊಡೆಯ ಹೊರಭಾಗಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಹುಡುಗನ ಉಸಿರು ತಿರುಗಿತು. ಆ ರಾತ್ರಿ ಅವನನ್ನು ಅಲ್ಲಿಯೇ ಇರಿಸಿಕೊಂಡರು. ಒಮ್ಮೆ ಅಡಗಿದ ಪ್ರಕೋಪವು ಕೆಲವು ತಾಸುಗಳ ಮೇಲೆ ಮರುಕಳಿಸುವುದುಂಟಂತೆ.

ಆ ದೊಡ್ಡಜ್ಜಿಯವರನ್ನು ದೂಷಿಸಲು ನಾನು ಈ ವೃತ್ತಾಂತವನ್ನು ಬರೆಯಲಿಲ್ಲ. ಮಕ್ಕಳೆಲ್ಲರ ಪೈಕಿ ಆ ಹುಡುಗನನ್ನೇ ಆರಿಸಿ ತಿನ್ನಿಸಿದ ಅವರ ಕೈಯಲ್ಲಿ ವಾತ್ಸಲ್ಯವಲ್ಲದೆ ಬೇರೇನೂ ಇರಲಿಲ್ಲ. ಆದರೆ ತಾಯಿಯು ಹೇಳಿದ ಮಾತಿಗೆ ಆ ಸಭೆಯಲ್ಲಿ ಬೆಲೆ ಬಂದದ್ದು ಮಗುವಿನ ಉಸಿರು ಕಟ್ಟಿದ ಮೇಲೆ. ಅದಕ್ಕೆ ಮೊದಲೇ ಬರಬೇಕಾಗಿತ್ತು. ಚಿಕ್ಕವಳು ಹೇಳಿದಳೆಂಬ ಕಾರಣದಿಂದ ಒಂದು ಮಾತು ಹಗುರಾಗುವುದೂ, ಹಿರಿಯರು ಹೇಳಿದರೆಂಬ ಕಾರಣದಿಂದ ಒಂದು ಮಾತು ಪ್ರಮಾಣವಾಗುವುದೂ ನಮ್ಮ ಮನೆಗಳ ರೀತಿಯಾಗಿರುವುದರಿಂದ, ಈ ರೀತಿಯನ್ನು ತಿದ್ದುವ ಶಕ್ತಿಯೂ ತಮ್ಮಲ್ಲಿಯೇ ಇದೆ.

ಆಸ್ಪತ್ರೆಯಲ್ಲಿ ಆ ಹುಡುಗನಿಗೆ ಕೊಟ್ಟ ಇಂಜೆಕ್ಷನ್ನಿನ ಹೆಸರು ಅಡ್ರಿನಲಿನ್. ಈ ಹೆಸರನ್ನು ಮನೆಯವರೆಲ್ಲರೂ ಕಲಿತಿರಬೇಕೆಂದು ನನ್ನ ಆಗ್ರಹ. ಇದು ಹೊಸ ಔಷಧವಲ್ಲ, ದುಬಾರಿಯದೂ ಅಲ್ಲ. ಪರದೇಶಗಳಲ್ಲಿ ಲೇಖನಿಯಂತೆ ಜೇಬಿನಲ್ಲಿಟ್ಟುಕೊಂಡು ತಾವೇ ಚುಚ್ಚಿಕೊಳ್ಳುವ ಉಪಕರಣವಾಗಿ ಇದು ದೊರೆಯುತ್ತದೆ. ನಮ್ಮ ದೇಶದಲ್ಲಿ ಆ ಉಪಕರಣವು ಸುಲಭವಾಗಿ ಸಿಗದಿರುವುದರಿಂದ, ನಮಗೆ ಹತ್ತಿರದ ಆಸ್ಪತ್ರೆಯೇ ಗತಿ, ಅಲ್ಲಿಗೆ ತಲಪುವ ವೇಗವೇ ಆಧಾರ. ಹಿಂದೆ ತೀವ್ರವಾಗಿ ನರಳಿದವರ ಮನೆಯವರು, ಔಷಧವನ್ನೂ ಸಿರಿಂಜನ್ನೂ ಮನೆಯಲ್ಲಿಯೇ ಇಟ್ಟುಕೊಂಡು ಬಳಸುವ ವಿಧಾನವನ್ನು ತಮ್ಮ ವೈದ್ಯರಿಂದ ಕಲಿಯಬಹುದೇ ಎಂದು ಕೇಳಬೇಕು. ತುರಿಕೆಯ ಮಾತ್ರೆ, ನೆಗಡಿಯ ಸಿರಪ್ಪು ದದ್ದನ್ನು ಅಡಗಿಸಿಯಾವು; ಕಟ್ಟುತ್ತಿರುವ ಗಂಟಲನ್ನು ತೆರೆಯಲಾರವು, ಕುಸಿಯುತ್ತಿರುವ ರಕ್ತದ ಒತ್ತಡವನ್ನು ಎತ್ತಲಾರವು. ಏನನ್ನಾದರೂ ತಿಂದ, ಔಷಧ ತೆಗೆದುಕೊಂಡ, ಅಥವಾ ಹೆಜ್ಜೇನು ಕಡಜಗಳಿಂದ ಕಡಿಸಿಕೊಂಡ ಸ್ವಲ್ಪ ಹೊತ್ತಿನಲ್ಲಿಯೇ ಧ್ವನಿ ಒಡೆದರೆ, ನಾಲಗೆ ಊದಿದರೆ, ಉಸಿರಿನಲ್ಲಿ ಸಿಳ್ಳಿನ ಸದ್ದು ಕೇಳಿದರೆ, ದದ್ದಿನೊಂದಿಗೆ ಮೇಲಿಂದ ಮೇಲೆ ವಾಂತಿಯಾದರೆ, ಕಣ್ಣು ಕತ್ತಲೆಗಟ್ಟಿದರೆ, ಇನ್ನು ಕಾಯಬಾರದು. ಅಂಥವರನ್ನು ಎಬ್ಬಿಸಿ ನಡೆಸಬೇಡಿರಿ. ಕಾಲುಗಳನ್ನು ಎತ್ತರಕ್ಕೆ ಮಾಡಿ ಮಲಗಿಸಿರಿ. ಉಸಿರಾಡುವುದೇ ಕಷ್ಟವಾದರೆ ಒರಗಿ ಕೂರಲು ಬಿಡಿರಿ. ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿರಿ, ಅಥವಾ ಇದ್ದ ವಾಹನದಲ್ಲಿ ಮಲಗಿಸಿಕೊಂಡೇ ಹೊರಡಿರಿ. ದೃಷ್ಟಿ ತೆಗೆಯಬೇಕೆಂಬ ಶ್ರದ್ಧೆಯುಳ್ಳವರು ಮಗು ಆಸ್ಪತ್ರೆಯಿಂದ ಮರಳಿದ ಮೇಲೆ ಸಾವಕಾಶವಾಗಿ ತೆಗೆಯಬಹುದು.

ಇಷ್ಟು ಹೇಳಿದ ಮೇಲೆ ಇದರ ವಿಪರೀತವಾದ ಇನ್ನೊಂದು ದೋಷವನ್ನು ಹೇಳದಿದ್ದರೆ ಪತ್ರವು ಅಪಕಾರವನ್ನೇ ಮಾಡೀತು. ಇತ್ತೀಚೆಗೆ ಎಲ್ಲ ನೋವನ್ನೂ ಅಲರ್ಜಿಯೆಂದು ಕರೆಯುವ ಅಭ್ಯಾಸ ಬೆಳೆದಿದೆ. ನೆಗಡಿಯಾದ ಮಗುವಿಗೆ ಮೊಸರು ಬೇಡ, ಬಾಳೆಹಣ್ಣು ಬೇಡ. ಕಜ್ಜಿಯಾದ ಮಗುವಿಗೆ ಬೇಳೆ ಬೇಡ, ಮೊಟ್ಟೆ ಬೇಡ. ಹೀಗೆ ಒಂದೊಂದನ್ನೇ ತೆಗೆಯುತ್ತ ಕೊನೆಗೆ ಅನ್ನ ತಿಳಿಸಾರಿನ ಮೇಲೆ ಬೆಳೆಯುವ ಕೃಶವಾದ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಅನೇಕ ಸಂದರ್ಭಗಳಲ್ಲಿ ಇದಕ್ಕೆ ಪ್ರೇರಣೆ ಒಂದು ರಕ್ತಪರೀಕ್ಷೆಯ ಕಾಗದ: ಹತ್ತಾರು ಪದಾರ್ಥಗಳ ಹೆಸರು, ಪ್ರತಿಯೊಂದರ ಎದುರಿಗೆ ಒಂದು ಅಂಕೆ. ಇಂತಹ ಕಾಗದವನ್ನು ಹೇಗೆ ಓದಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ಅಧ್ಯಯನವು ಮಾರ್ಗದರ್ಶಿಯಾಗಿದೆ. ಮೈಸೂರು ಮತ್ತು ಬೆಂಗಳೂರುಗಳ ಸಾವಿರಾರು ವಯಸ್ಕರನ್ನು ವಿಚಾರಿಸಿ, ರಕ್ತವನ್ನು ಪರೀಕ್ಷಿಸಿ, 2016ರಲ್ಲಿ ಪ್ರಕಟಿಸಿದ ಆ ವರದಿಯ ಪ್ರಕಾರ, ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡುಬಂದವರು ನೂರಕ್ಕೆ 26ರಷ್ಟು. ಆದರೆ ಅದನ್ನು ತಿಂದಾಗ ತೊಂದರೆಯೂ ಆಗಿ, ಆಹಾರದ ಅಲರ್ಜಿ ಇರಬಹುದೆಂದು ಹೇಳಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು. ಮಿಕ್ಕವರಲ್ಲಿ ಬಹುಮಂದಿಗೆ ಆ ಪದಾರ್ಥದಿಂದ ಅಂತಹ ತೊಂದರೆಯೇನೂ ಇರಲಿಲ್ಲ. ಆದುದರಿಂದ ಕಾಗದದ ಅಂಕೆಯು ತಾನಾಗಿಯೇ ರೋಗವಲ್ಲ. ತಿಂದಾಗ ಏನಾಯಿತೆಂಬ ಕಥೆಯೊಡನೆ ಹೊಂದಿದಾಗ ಮಾತ್ರ ಅದಕ್ಕೆ ಅರ್ಥ. ಆ ಕಥೆಯನ್ನು ಸರಿಯಾಗಿ ಹೇಳಬಲ್ಲವರು ಮನೆಯಲ್ಲಿರುವ ತಾವೇ: ಮಗುವು ಏನು ತಿಂದಿತು, ಎಷ್ಟು ಹೊತ್ತಿನ ಮೇಲೆ, ಏನು ಕಂಡಿತು, ಎಷ್ಟು ಹೊತ್ತು ಇತ್ತು, ಇನ್ನೊಮ್ಮೆ ತಿಂದಾಗಲೂ ಹಾಗೆಯೇ ಆಯಿತೆ? ಇದನ್ನು ಒಂದು ಹಾಳೆಯಲ್ಲಿ ಬರೆದೊಯ್ದರೆ ವೈದ್ಯರಿಗೆ ಎಷ್ಟೋ ಪರೀಕ್ಷೆಗಳು ಬೇಡವಾಗುತ್ತವೆ.

ಹಾಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಎನ್ನುವ ದೊಡ್ಡವರಲ್ಲಿ ಬಹುಮಂದಿಗೆ ಅಲರ್ಜಿಯಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿದೆ, ಅಷ್ಟೆ. ಅವರಿಗೆ ಮೊಸರು ಮಜ್ಜಿಗೆಗಳು ಸಾಮಾನ್ಯವಾಗಿ ಒಗ್ಗುತ್ತವೆ. ಆದರೆ ಹಾಲಿನ ಸಸಾರಜನಕಕ್ಕೆ ಅಲರ್ಜಿಯುಳ್ಳ ಕೂಸಿಗೆ ಮೊಸರಾಗಲಿ, ಪನೀರಾಗಲಿ, ಮೇಕೆಯ ಹಾಲಾಗಲಿ ಪರಿಹಾರವಲ್ಲ. ಮೇಕೆಯ ಹಾಲಿನ ಸಸಾರಜನಕವು ಹಸುವಿನದನ್ನೇ ಬಹಳವಾಗಿ ಹೋಲುತ್ತದೆ. ಇವೆರಡನ್ನು ಬೇರ್ಪಡಿಸದೆ ಕೊಡುವ ಉಪದೇಶವು ಒಬ್ಬರಿಗೆ ವ್ಯರ್ಥವಾದ ಪಥ್ಯವಾಗುತ್ತದೆ, ಇನ್ನೊಬ್ಬರಿಗೆ ಅಪಾಯವಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಹಾಲಿನದೂ ಮೊಟ್ಟೆಯದೂ ಬಾಲ್ಯದ ಅಲರ್ಜಿಗಳು ಬೆಳೆದಂತೆ ಬಹುಮಟ್ಟಿಗೆ ತಾವಾಗಿಯೇ ಕಳೆಯುತ್ತವೆ. ಕಡಲೆಕಾಯಿ, ಗೋಡಂಬಿ, ಮೀನು, ಸಿಗಡಿಗಳವು ಸಾಮಾನ್ಯವಾಗಿ ಉಳಿಯುತ್ತವೆ. ಕಳೆಯಿತೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು ವೈದ್ಯರ ಎದುರಿನಲ್ಲಿ, ಹಬ್ಬದ ಎಲೆಯ ಮೇಲಲ್ಲ.

ಹುಟ್ಟಿದ ಕೂಸಿಗೆ ಕಡಲೆಕಾಯಿ, ಮೊಟ್ಟೆ ಮೊದಲಾದುವನ್ನು ತಡವಾಗಿ ಕೊಟ್ಟಷ್ಟೂ ಒಳ್ಳೆಯದೆಂದು ಒಂದು ಕಾಲದಲ್ಲಿ ವೈದ್ಯರೇ ಹೇಳಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2000ದಲ್ಲಿ, ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಸಲಹೆಯಿತ್ತು, 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನಿಂದ ಬಂದ ಒಂದು ಅಧ್ಯಯನದ ಫಲಿತಾಂಶವು ಹಳೆಯ ಅಭಿಪ್ರಾಯವನ್ನು ತಲೆಕೆಳಗು ಮಾಡಿತು. ತೀವ್ರವಾದ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಮೊದಲ ವರ್ಷದಿಂದಲೇ ಕಡಲೆಕಾಯಿಯ ಪದಾರ್ಥವನ್ನು ಕ್ರಮವಾಗಿ ತಿನ್ನಿಸಿ, ಉಳಿದವರಿಗೆ ಪೂರ್ಣವಾಗಿ ತಪ್ಪಿಸಿ, ಐದು ವರ್ಷವಾದಾಗ ನೋಡಿದರೆ, ತಪ್ಪಿಸಿದವರಲ್ಲಿ ನೂರಕ್ಕೆ 17 ಮಕ್ಕಳಿಗೂ ತಿಂದವರಲ್ಲಿ ನೂರಕ್ಕೆ ಕೇವಲ 3 ಮಕ್ಕಳಿಗೂ ಕಡಲೆಕಾಯಿಯ ಅಲರ್ಜಿಯುಂಟಾಗಿತ್ತು. ಆರು ತಿಂಗಳ ಸುಮಾರಿಗೆ ಅನ್ನಪ್ರಾಶನ ಮಾಡಿ, ಮನೆಯ ಊಟವನ್ನು ಸ್ವಲ್ಪ ಸ್ವಲ್ಪವಾಗಿ ರುಚಿ ತೋರಿಸುವ ನಮ್ಮ ಪದ್ಧತಿಯು ಈ ಫಲಿತಾಂಶಕ್ಕೆ ಎಷ್ಟು ಸಮೀಪವಾಗಿದೆ ನೋಡಿರಿ. ಇಡಿಯ ಬೀಜವನ್ನು ಮಾತ್ರ ಕೊಡಬಾರದು, ಗಂಟಲಿಗೆ ಸಿಕ್ಕಿಕೊಂಡೀತು; ನುಣ್ಣಗೆ ಅರೆದು ಗಂಜಿಗೋ ಅನ್ನಕ್ಕೋ ಬೆರೆಸಬೇಕು. ಕೂಸಿಗೆ ಆಗಲೇ ತೀವ್ರವಾದ ಇಸುಬಿದ್ದರೆ ವೈದ್ಯರನ್ನು ಕೇಳಿ ಆರಂಭಿಸಬೇಕು.

ಊಟದ ಅಲರ್ಜಿಗಿಂತ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಉಸಿರಿನದು. ಬೆಳಗಿನ ಜಾವದ ಸಾಲುಸಾಲು ಸೀನು, ಮೂಗನ್ನು ಉಜ್ಜಿ ಉಜ್ಜಿ ಅದರ ಮೇಲೆ ಬಿದ್ದ ಗೆರೆ, ರಾತ್ರಿ ಮಲಗಿದೊಡನೆ ಬರುವ ಕೆಮ್ಮು, ಮಳೆಗಾಲದ ಉಬ್ಬಸ. ಉಬ್ಬಸವೆಲ್ಲವೂ ಅಲರ್ಜಿಯಿಂದಲೇ ಹುಟ್ಟಿದುದಲ್ಲ. ಮಕ್ಕಳಲ್ಲಿ ಮಾತ್ರ ಬಹಳಮಟ್ಟಿಗೆ ಅಲರ್ಜಿಯ ಸಂಬಂಧವಿರುತ್ತದೆ. ಉಬ್ಬಸಕ್ಕೆ ಕಾರಣವೆಂದು ನಾವು ಐಸ್‌ಕ್ರೀಮನ್ನೂ ತಣ್ಣೀರನ್ನೂ ದೂರುತ್ತೇವೆ. ಕಾರಣವು ಅನೇಕ ವೇಳೆ ತಲೆಯ ಕೆಳಗಿನ ದಿಂಬಿನಲ್ಲಿಯೇ ಇರುತ್ತದೆ. ಹಾಸಿಗೆಯಲ್ಲಿ ಉದುರುವ ನಮ್ಮ ಚರ್ಮದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಧೂಳಿನ ನುಸಿಯೇ ಮನೆಯ ಧೂಳಿನ ಮುಖ್ಯ ದೋಷವೆಂದು 1960ರ ದಶಕದಲ್ಲಿ ಹಾಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ತೇವವೆಂದರೆ ಅದಕ್ಕೆ ಪ್ರಾಣ, ಒಣಬಿಸಿಲೆಂದರೆ ಮರಣ. ಹತ್ತಿಯ ಹಾಸಿಗೆಯನ್ನು ಜಗಲಿಯ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದ ಹಳೆಯ ರೂಢಿಯನ್ನು ದಯವಿಟ್ಟು ಬಿಡಬೇಡಿರಿ. ಬಡಿಯುವಾಗ ಉಬ್ಬಸದವರನ್ನು ದೂರವಿರಿಸಿರಿ. ಹೊದಿಕೆ ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಕೈತಾಳದಷ್ಟು ಬಿಸಿಯಾದ ನೀರಿನಲ್ಲಿ ಒಗೆಯಿಸಿರಿ. ಮಲೆನಾಡಿನ ಗೋಡೆಯ ಬೂಷ್ಟು, ಅಡುಗೆಮನೆಯ ಜಿರಳೆ, ಮನೆಯ ಸುತ್ತಲಿನ ಕಾಂಗ್ರೆಸ್ ಗಿಡ, ಇವೂ ಕಾರಣಗಳು. ಊದುಬತ್ತಿಯ ಮತ್ತು ಸೊಳ್ಳೆಬತ್ತಿಯ ಹೊಗೆಯು ಅಲರ್ಜಿಯನ್ನು ಹುಟ್ಟಿಸದಿದ್ದರೂ ಕೆರಳಿದ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ; ದೇವರ ಮುಂದೆ ಒಂದು ಹೂವನ್ನಿಟ್ಟರೆ ಪೂಜೆಗೆ ಕೊರತೆಯಾಗದು.

ಇಲ್ಲಿ ಪಂಪನ್ನು ಕುರಿತು, ಎಂದರೆ ಉಸಿರಿನಲ್ಲಿ ಸೇದುವ ಔಷಧವನ್ನು ಕುರಿತು, ಸ್ವಲ್ಪ ಕಠಿಣವಾಗಿಯೇ ಬೇಡಿಕೊಳ್ಳಬೇಕಾಗಿದೆ. ಪಂಪು ಅಭ್ಯಾಸವಾದರೆ ಬಿಡುವುದಿಲ್ಲ, ಅದು ಕೊನೆಯ ಔಷಧ, ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಮಾತುಗಳನ್ನು ಪ್ರತಿಯೊಂದು ಊರಿನಲ್ಲಿಯೂ ಕೇಳಿದ್ದೇನೆ. ಮಾತ್ರೆಯು ಹೊಟ್ಟೆಗೆ ಹೋಗಿ ರಕ್ತದಲ್ಲಿ ಬೆರೆತು ಮೈಯೆಲ್ಲ ತಿರುಗಿ ಶ್ವಾಸಕೋಶವನ್ನು ಸೇರಬೇಕಾದುದರಿಂದ ಅಲ್ಲಿ ಔಷಧದ ಲೆಕ್ಕ ಮಿಲಿಗ್ರಾಮಿನಲ್ಲಿ. ಪಂಪಿನಿಂದ ನೇರವಾಗಿ ಸೇರುವುದರಿಂದ ಅದರ ಲೆಕ್ಕ ಮೈಕ್ರೋಗ್ರಾಮಿನಲ್ಲಿ, ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿನ ಮಾನದಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಹೆಣ್ಣು ನೋಡಲು ಬರುವ ದಿನ ಪಂಪನ್ನು ಬೀರುವಿನಲ್ಲಿ ಬಚ್ಚಿಟ್ಟ ತವರಿನಿಂದ ಹೊರಟು, ಅತ್ತೆಯ ಮನೆಯಲ್ಲಿಯೂ ಯಾರಿಗೂ ಕಾಣದಂತೆ ಬಚ್ಚಲಲ್ಲಿ ಅದನ್ನು ಸೇದುತ್ತ, ನೆಂಟರಿದ್ದ ದಿನಗಳಲ್ಲಿ ಬಿಡುತ್ತ, ಕಡೆಗೆ ಒಂದು ಚಳಿಗಾಲದಲ್ಲಿ ಆಮ್ಲಜನಕದ ಮುಖವಾಡ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದಳು. ಅವಳ ಅತ್ತೆಯವರು ಅಲ್ಲಿ ನನ್ನೊಡನೆ, ‘ಒಂದು ಮಾತು ಹೇಳಿದ್ದರೆ ನಾವೇನು ಬೇಡ ಅನ್ನುತ್ತಿದ್ದೆವೆ?’ ಎಂದು ಕಣ್ಣೀರಿಟ್ಟರು. ಆ ಕಣ್ಣೀರು ಸತ್ಯವಾದುದೆಂದು ನಾನು ನಂಬುತ್ತೇನೆ. ಆದರೆ ಹೇಳಬಹುದೆಂಬ ಧೈರ್ಯವನ್ನು ಮೊದಲು ಕೊಡಬೇಕಾದವರು ಹಿರಿಯರು. ಸೊಸೆ ಮನೆ ತುಂಬಿದ ದಿನವೇ, ಯಾವುದಾದರೂ ಔಷಧವಿದೆಯೆ ತಾಯಿ, ಯಾವುದಾದರೂ ಆಗದ ಪದಾರ್ಥವಿದೆಯೆ ಎಂದು ಕೇಳುವುದು ಒಂದು ಶಾಸ್ತ್ರವಾಗಲಿ.

ಚರ್ಮದ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಅಮೆರಿಕಾ ಖಂಡದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಕಾಂಗ್ರೆಸ್ ಗಿಡವು ನಮ್ಮ ಬಯಲುಗಳನ್ನೆಲ್ಲ ಆವರಿಸಿ, ಅದರ ಸಂಪರ್ಕದಲ್ಲಿರುವ ಕೆಲವು ರೈತರ ಮುಖ, ಕತ್ತು, ಮೊಣಕೈಯ ಮಡಿಕೆಗಳನ್ನು ದಪ್ಪಗಾಗಿಸಿ ಕಪ್ಪಾಗಿಸುತ್ತದೆ. ಈ ಅಲರ್ಜಿಯು ಐಜಿಇಯ ದಾರಿಯಲ್ಲದೆ ಬೇರೊಂದು ನಿಧಾನವಾದ ದಾರಿಯಲ್ಲಿ, ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದರಿಂದ ಕಾರಣವು ಹೊಳೆಯುವುದಿಲ್ಲ. ಗಾರೆ ಕೆಲಸದವರ ಕೈಗೆ ಸಿಮೆಂಟು, ಹೆಂಗಸರ ಹಣೆಗೆ ಸ್ಟಿಕ್ಕರ್ ಬೊಟ್ಟಿನ ಅಂಟು, ಕಿವಿಗೆ ನಿಕ್ಕಲ್ ಬೆರೆತ ಅಗ್ಗದ ಓಲೆ, ತಲೆಗೆ ಕಪ್ಪು ಬಣ್ಣ, ಇವೂ ಹಾಗೆಯೇ. ಕಾರಣವನ್ನು ಬಿಡದೆ ಮುಲಾಮನ್ನು ಬದಲಾಯಿಸುತ್ತ ಹೋದರೆ ಗುಣವಾಗದು. ಔಷಧದಂಗಡಿಯವರು ತಾವಾಗಿ ಕೊಡುವ ಸ್ಟಿರಾಯ್ಡ್ ಮುಲಾಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವುದಂತೂ ಸರ್ವಥಾ ಸಲ್ಲದು.

ಔಷಧಗಳೂ ಇದೇ ಸಾಲಿಗೆ ಸೇರುತ್ತವೆ. ಪೆನ್ಸಿಲಿನ್ ವರ್ಗದ ಔಷಧದಿಂದಲೋ ನೋವಿನ ಮಾತ್ರೆಯಿಂದಲೋ ಒಮ್ಮೆ ಮೈ ಊದಿದವರು, ‘ಯಾವುದೋ ಕೆಂಪು ಮಾತ್ರೆ’ ಎಂದು ಮುಂದಿನ ವೈದ್ಯರಿಗೆ ಹೇಳಿದರೆ ಪ್ರಯೋಜನವಿಲ್ಲ. ಆ ಔಷಧದ ಹೆಸರನ್ನು ವೈದ್ಯರಿಂದ ಬರೆಯಿಸಿಕೊಂಡು, ಆಧಾರ್ ಚೀಟಿಯಿರುವ ಜೇಬಿನಲ್ಲಿಯೇ ಅದನ್ನೂ ಇಟ್ಟುಕೊಳ್ಳಿರಿ.

ಇನ್ನು ನನ್ನ ಕೋರಿಕೆಗಳು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಕಾಯಿಬೀಜ, ಹುರಿಗಡಲೆ ಮೂರೂ ಇರುವುದರಿಂದ, ನೆರೆಮನೆಯ ಮಗುವಿನ ಬಾಯಿಗೆ ಹಾಕುವುದಕ್ಕೆ ಮೊದಲು ಅದರ ತಾಯಿಯನ್ನು ಒಂದು ಮಾತು ಕೇಳಿರಿ. ಬೇಡವೆಂದರೆ ಒಂದು ತುಂಡು ಕಬ್ಬನ್ನು ಕೊಟ್ಟು ಹರಸಿರಿ, ಬೇಸರಿಸಬೇಡಿರಿ. ಮದುವೆ ಮುಂಜಿಗಳಲ್ಲಿ ಅಡಿಗೆಭಟ್ಟರಿಗೆ ಪಟ್ಟಿ ಕೊಡುವಾಗ, ಯಾವ ಭಕ್ಷ್ಯದಲ್ಲಿ ಗೋಡಂಬಿ, ಕಡಲೆಕಾಯಿ, ಎಳ್ಳು ಇವೆಯೆಂಬುದನ್ನು ಕೇಳಿದವರಿಗೆ ನಿಶ್ಚಯವಾಗಿ ಹೇಳಬಲ್ಲ ಒಬ್ಬರನ್ನು ನೇಮಿಸಿರಿ; ಆಗದವರ ಎಲೆಗೆ ಬೇರೆ ಸೌಟಿನಿಂದ ಬಡಿಸಲು ಹೇಳಿರಿ. ಪೊಟ್ಟಣದ ತಿಂಡಿಗಳ ಮೇಲೆ ಗೋಧಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದವು ಇದ್ದರೆ ತಿಳಿಸಲೇಬೇಕೆಂದು ನಮ್ಮ ದೇಶದ ಆಹಾರ ಸುರಕ್ಷಾ ನಿಯಮವಿದೆ. ಅಕ್ಷರಗಳು ಸಣ್ಣವಾದುದರಿಂದ ಮೊಮ್ಮಕ್ಕಳಿಂದಲೇ ಓದಿಸಿರಿ, ಅವರೂ ಕಲಿತಂತಾಗುತ್ತದೆ. ಶಾಲೆಗೆ ಮಗುವನ್ನು ಸೇರಿಸುವಾಗ ತರಗತಿಯ ಉಪಾಧ್ಯಾಯರಿಗೆ ಬಾಯಿಮಾತಿನಲ್ಲಲ್ಲದೆ ಒಂದು ಕಾಗದದಲ್ಲಿ ಬರೆದುಕೊಡಿರಿ: ಯಾವುದು ಆಗದು, ತಿಂದರೆ ಏನು ಕಾಣುತ್ತದೆ, ಯಾರಿಗೆ ದೂರವಾಣಿ ಮಾಡಬೇಕು, ಯಾವ ಆಸ್ಪತ್ರೆ. ಅಂತಹ ಕಾಗದವೊಂದು ಹಾಜರಿ ಪುಸ್ತಕದೊಳಗಿದ್ದರೆ ಉಪಾಧ್ಯಾಯರಿಗೆ ಎಷ್ಟು ಧೈರ್ಯವೆಂಬುದನ್ನು ನಾನು ಬಲ್ಲೆ.

ಈ ಪತ್ರವನ್ನು ಓದಿದ ದಿನವೇ, ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ, ಮನೆಯಲ್ಲಿ ಯಾರಿಗೆ ಏನು ಆಗುವುದಿಲ್ಲವೆಂದು ಒಬ್ಬೊಬ್ಬರನ್ನೇ ಕೇಳಿರಿ. ಕೇಳಿದುದನ್ನು ನಗದೆ, ತಡೆಯದೆ, ಪೂರ್ತಿಯಾಗಿ ಆಲಿಸಿರಿ. ಸಂಶಯವಿದ್ದುದನ್ನು ವೈದ್ಯರ ಬಳಿಗೆ ಒಯ್ಯಿರಿ. ನಿಶ್ಚಯವಾದುದನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಅದರ ಕೆಳಗೆ ತಾವೇ ಮೊದಲು ಸಹಿ ಹಾಕಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತು,
ತಮ್ಮ ವಿಧೇಯ,
ಒಬ್ಬ ನಿವೃತ್ತ ಉಪಾಧ್ಯಾಯ